ಮೆಂಡಲನ ನಿಯಮಗಳು

ಜೀವಿಗಳ ಗುಣಲಕ್ಷಣಗಳು ಒಂದು ಪೀಳಿಗೆಯಿಂದ ಮುಂದಿನ ಪೀಳಿಗೆಗೆ ಹೇಗೆ ಸಾಗುತ್ತವೆ ಎಂಬುದನ್ನು ವಿವರಿಸುವ ನಿಯಮಗಳು, ತಳಿವಿಜ್ಞಾನದ ಬುನಾದಿ. ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿರುವ ಸೇಂಟ್ ಥಾಮಸ್ ಮಠದ ಸನ್ಯಾಸಿ ಗ್ರೆಗರ್ ಮೆಂಡಲ್ (1822–1884) ಬಟಾಣಿ ಗಿಡಗಳ ಮೇಲೆ 1856ರಿಂದ 1863ರವರೆಗೆ ಪ್ರಯೋಗ ನಡೆಸಿ ಇವನ್ನು ಕಂಡುಕೊಂಡ. ಪ್ರತಿ ಗುಣದ ಹಿಂದೆ ಒಂದು ಜೋಡಿ ಘಟಕಗಳಿವೆ. ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಒಟ್ಟಿಗಿದ್ದರೂ ಅವು ಒಂದರಲ್ಲೊಂದು ಕರಗುವುದಿಲ್ಲ. ಲಿಂಗಾಣುಗಳು ರೂಪುಗೊಳ್ಳುವಾಗ ಮತ್ತೆ ಬೇರ್ಪಡುತ್ತವೆ. ಮೆಂಡಲನ ಶೋಧದ ತಿರುಳು ಇಷ್ಟೇ. ಈ ಘಟಕಗಳನ್ನೇ ಇಂದು ಜೀನ್ ಅಥವಾ ವಂಶವಾಹಿ ಎನ್ನುತ್ತೇವೆ.

ಮಕ್ಕಳು ಹೆತ್ತವರನ್ನು ಹೋಲುವುದು ಎಲ್ಲ ಕಾಲದ ಜನರಿಗೂ ಗೊತ್ತಿದ್ದ ಸಂಗತಿ. ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಗುಣ ಮೊಮ್ಮಗುವಿನಲ್ಲಿ ತಲೆಯೆತ್ತಿ, ಅಜ್ಜನೇ ಮತ್ತೆ ಹುಟ್ಟಿ ಬಂದ ಎಂದು ಮನೆಯವರು ಹೇಳುವುದೂ ಹೊಸದಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ವಿದ್ವಾಂಸರಲ್ಲಿ ಹೆಚ್ಚಿನವರು ನಂಬಿದ್ದುದು ಮಿಶ್ರಣದ ಕಲ್ಪನೆಯನ್ನು: ಹಾಲೂ ಡಿಕಾಕ್ಷನ್ನೂ ಸೇರಿ ಕಾಫಿಯಾದಂತೆ ತಂದೆತಾಯಿಗಳ ಗುಣಗಳು ಮಗುವಿನಲ್ಲಿ ಬೆರೆತುಹೋಗುತ್ತವೆ. ಹಾಗಿದ್ದರೆ ಒಮ್ಮೆ ಬೆರೆತದ್ದು ಮತ್ತೆ ಬೇರೆಯಾಗಬಾರದು, ಅಜ್ಜನ ಗುಣ ಮೊಮ್ಮಗನಲ್ಲಿ ಹಾಗೇ ಮರಳಬಾರದು. ಪೀಳಿಗೆ ಉರುಳಿದಂತೆ ಜೀವಿಗಳ ನಡುವಿನ ವ್ಯತ್ಯಾಸಗಳೆಲ್ಲ ಅಳಿಸಿಹೋಗಿ ಎಲ್ಲವೂ ಒಂದೇ ಬಗೆಯಾಗಬೇಕು. ಡಾರ್ವಿನ್ನನ ನಿಸರ್ಗದ ಆಯ್ಕೆಯ ವಾದಕ್ಕೆ ಫ್ಲೀಮಿಂಗ್ ಜೆಂಕಿನ್ 1867ರಲ್ಲಿ ಒಡ್ಡಿದ ಪ್ರಬಲ ಆಕ್ಷೇಪಗಳಲ್ಲಿ ಒಂದು ಇದೇ. ಉತ್ತರ ಅದಕ್ಕೆ ಒಂದು ವರ್ಷ ಮೊದಲೇ ಅಚ್ಚಾಗಿತ್ತು, ಆದರೆ ಈ ಚರ್ಚೆಯೊಳಗೆ ಬರಲಿಲ್ಲ.

ಮೆಂಡಲ್ ರೈತ ಕುಟುಂಬದಲ್ಲಿ ಹುಟ್ಟಿದವನು. 1843ರಲ್ಲಿ ಮಠ ಸೇರಿದ. 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಕಲಿತ. ಅಲ್ಲಿ ಭೌತವಿಜ್ಞಾನ ಕಲಿಸಿದವರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಇದ್ದ, ಸಸ್ಯವಿಜ್ಞಾನಕ್ಕೆ ಫ್ರಾನ್ಸ್ ಉಂಗರ್. ಎಣಿಸುವ, ಅನುಪಾತ ಹುಡುಕುವ ಅಭ್ಯಾಸ ಅವನಿಗೆ ಭೌತವಿಜ್ಞಾನ, ಗಣಿತಗಳಿಂದ ಬಂದಿತೆನ್ನಬೇಕು. ಅವನಿಗಿಂತ ಮೊದಲು ಸಸ್ಯಗಳನ್ನು ಸಂಕರಗೊಳಿಸಿದವರು ಅನೇಕರು. ಅವರು ಗಿಡವನ್ನು ಇಡಿಯಾಗಿ ನೋಡಿ ಬಣ್ಣಿಸಿದರು. ಮೆಂಡಲ್ ಒಂದೊಂದೇ ಗುಣವನ್ನು ಬಿಡಿಸಿ ನೋಡಿದ, ಪ್ರತಿ ಪೀಳಿಗೆಯಲ್ಲೂ ಪ್ರತಿ ಬಗೆಯ ಗಿಡವನ್ನೂ ಲೆಕ್ಕ ಹಾಕಿದ. ಶೋಧ ಸಾಧ್ಯವಾದದ್ದು ಇದರಿಂದಲೇ.

ಬಟಾಣಿಯ ಆಯ್ಕೆಯೂ ಯೋಚಿಸಿ ಮಾಡಿದ್ದು. ಅದರ ಹೂವಿನಲ್ಲಿ ಕೇಸರಗಳನ್ನೂ ಶಲಾಕೆಯನ್ನೂ ದಳಗಳು ಮುಚ್ಚಿಕೊಂಡಿರುತ್ತವೆ. ಹೂ ಅರಳುವ ಮೊದಲೇ ಅದರದೇ ಪರಾಗ ಅದಕ್ಕೆ ಬಿದ್ದಿರುತ್ತದೆ. ಆದ್ದರಿಂದ ತಳಿ ಶುದ್ಧವಾಗಿ ಉಳಿಯುತ್ತದೆ. ಸಂಕರ ಬೇಕಾದಾಗ ಮೊಗ್ಗನ್ನು ಬಿಡಿಸಿ, ಪರಾಗ ಬಲಿಯುವ ಮುನ್ನ ಕೇಸರಗಳನ್ನು ಚಿಮುಟದಿಂದ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸವರಿದರಾಯಿತು. ಬೀಜದ ವ್ಯಾಪಾರಿಗಳಿಂದ ತರಿಸಿದ 34 ತಳಿಗಳನ್ನು ಮೆಂಡಲ್ ಎರಡು ವರ್ಷ ಬೆಳೆದು ಪರೀಕ್ಷಿಸಿ, 22ನ್ನು ಉಳಿಸಿಕೊಂಡ. ನಡುವಿನ ಹಂತಗಳಿಲ್ಲದೆ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಏಳು ಗುಣಗಳನ್ನು ಆರಿಸಿದ: ಬೀಜದ ಆಕಾರ, ಬೀಜದಳದ ಬಣ್ಣ, ಹೂವಿನ ಬಣ್ಣ, ಕಾಯಿಯ ಆಕಾರ, ಎಳೆಗಾಯಿಯ ಬಣ್ಣ, ಹೂ ಬಿಡುವ ಜಾಗ, ಗಿಡದ ಎತ್ತರ.

ದುಂಡು ಬೀಜದ ತಳಿಯನ್ನು ಸುಕ್ಕು ಬೀಜದ ತಳಿಯೊಡನೆ ಸಂಕರಗೊಳಿಸಿದಾಗ ಹುಟ್ಟಿದ ಬೀಜಗಳೆಲ್ಲ ದುಂಡು. ಯಾವುದು ತಾಯಿ ಯಾವುದು ತಂದೆ ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ. ಸುಕ್ಕು ಎಲ್ಲಿ ಹೋಯಿತು? ಈ ಬೀಜಗಳನ್ನು ಬಿತ್ತಿ, ಗಿಡಗಳನ್ನು ತಮ್ಮಷ್ಟಕ್ಕೆ ಪರಾಗಸ್ಪರ್ಶಕ್ಕೆ ಬಿಟ್ಟಾಗ ಸಿಕ್ಕ 7,324 ಬೀಜಗಳಲ್ಲಿ 5,474 ದುಂಡು, 1,850 ಸುಕ್ಕು. ಬೀಜದಳದ ಬಣ್ಣದಲ್ಲಿ 6,022 ಹಳದಿ, 2,001 ಹಸಿರು. ಎತ್ತರದಲ್ಲಿ 787 ಉದ್ದ, 277 ಗಿಡ್ಡ. ಏಳು ಗುಣಗಳಲ್ಲೂ ಹೆಚ್ಚುಕಡಿಮೆ ಮೂರಕ್ಕೆ ಒಂದು. ಮೊದಲ ಪೀಳಿಗೆಯಲ್ಲಿ ಕಾಣಿಸಿಕೊಂಡ ಗುಣವನ್ನು ಮೆಂಡಲ್ ಪ್ರಬಲ ಎಂದ, ಅಡಗಿದ್ದು ಮರಳಿದ್ದನ್ನು ದುರ್ಬಲ ಎಂದ. ಮರಳಿ ಬಂದ ಸುಕ್ಕು ಅಜ್ಜಿ ಗಿಡದ ಸುಕ್ಕಿನಷ್ಟೇ ಪೂರ್ತಿ ಸುಕ್ಕು. ದುಂಡಿನೊಡನೆ ಒಂದು ಪೀಳಿಗೆ ಇದ್ದುಬಂದ ಗುರುತೇ ಅದರಲ್ಲಿಲ್ಲ.

ಹೆಚ್ಚಿನ ಪಾಠಗಳು ಈ ಮೂರಕ್ಕೆ ಒಂದರಲ್ಲಿ ನಿಲ್ಲುತ್ತವೆ. ಮೆಂಡಲನ ನಿಜವಾದ ಹೆಚ್ಚುಗಾರಿಕೆ ಅದರ ಮುಂದಿನ ಹೆಜ್ಜೆಯಲ್ಲಿದೆ. ಎರಡನೆಯ ಪೀಳಿಗೆಯ ದುಂಡು ಬೀಜಗಳೆಲ್ಲ ಒಂದೇ ಬಗೆಯವೇ ಎಂದು ತಿಳಿಯಲು ಅವನು ಅವನ್ನೂ ಬಿತ್ತಿದ. 565 ಗಿಡಗಳಲ್ಲಿ 193 ಬರೀ ದುಂಡು ಬೀಜ ಕೊಟ್ಟವು. 372 ಗಿಡಗಳು ದುಂಡು, ಸುಕ್ಕು ಎರಡನ್ನೂ ಕೊಟ್ಟವು, ಅದೂ ಮೂರಕ್ಕೆ ಒಂದರಂತೆ. ಎಂದರೆ ಕಣ್ಣಿಗೆ ಒಂದೇ ಆಗಿ ಕಂಡ ದುಂಡುಗಳಲ್ಲಿ ಮೂರರಲ್ಲೊಂದು ಪಾಲು ಶುದ್ಧ, ಎರಡು ಪಾಲು ಮಿಶ್ರ. ಹೊರಗೆ 3:1 ಆಗಿ ತೋರಿದ್ದು ಒಳಗೆ 1:2:1. ಕಾಣುವ ರೂಪ ಬೇರೆ, ಒಳಗಿನ ಜೀನ್‌ಗಳ ಕೂಟ ಬೇರೆ ಎಂಬ ಭೇದ ಇಲ್ಲಿ ಮೊದಲ ಬಾರಿಗೆ ಲೆಕ್ಕದ ಸಮೇತ ಸಿದ್ಧವಾಯಿತು.

ಇದರ ವಿವರಣೆಯೇ ಪ್ರತ್ಯೇಕತೆಯ ನಿಯಮ. ಮೊದಲ ಪೀಳಿಗೆಯ ಗಿಡದಲ್ಲಿ ದುಂಡಿನದೊಂದು, ಸುಕ್ಕಿನದೊಂದು ಘಟಕ ಜೊತೆಗಿವೆ. ಲಿಂಗಾಣುವಿಗೆ ಹೋಗುವುದು ಎರಡರಲ್ಲಿ ಒಂದು ಮಾತ್ರ. ಅರ್ಧದಷ್ಟು ಲಿಂಗಾಣುಗಳಲ್ಲಿ ದುಂಡು, ಅರ್ಧದಷ್ಟರಲ್ಲಿ ಸುಕ್ಕು. ಯಾವ ಪರಾಗ ಯಾವ ಅಂಡವನ್ನು ಸೇರುತ್ತದೆ ಎಂಬುದು ಆಕಸ್ಮಿಕ. ಆದ್ದರಿಂದ ನಾಲ್ಕರಲ್ಲೊಂದು ಪಾಲು ದುಂಡು–ದುಂಡು, ಎರಡು ಪಾಲು ದುಂಡು–ಸುಕ್ಕು, ಒಂದು ಪಾಲು ಸುಕ್ಕು–ಸುಕ್ಕು.

ಎರಡು ಗುಣಗಳನ್ನು ಒಟ್ಟಿಗೆ ಹಿಡಿದರೆ ಏನಾಗುತ್ತದೆ ಎಂದು ನೋಡಲು ದುಂಡು–ಹಳದಿ ಬೀಜದ ತಳಿಯನ್ನು ಸುಕ್ಕು–ಹಸಿರು ತಳಿಯೊಡನೆ ಸೇರಿಸಿದ. ಎರಡನೆಯ ಪೀಳಿಗೆಯ 556 ಬೀಜಗಳಲ್ಲಿ 315 ದುಂಡು ಹಳದಿ, 108 ದುಂಡು ಹಸಿರು, 101 ಸುಕ್ಕು ಹಳದಿ, 32 ಸುಕ್ಕು ಹಸಿರು: ಸುಮಾರು 9:3:3:1. ಅಜ್ಜ ಅಜ್ಜಿಯರಲ್ಲಿ ಇರದಿದ್ದ ದುಂಡು–ಹಸಿರು, ಸುಕ್ಕು–ಹಳದಿ ಎಂಬ ಹೊಸ ಕೂಟಗಳು ಹುಟ್ಟಿದ್ದವು. ಆಕಾರದ ಜೋಡಿ ಬೇರ್ಪಡುವುದಕ್ಕೂ ಬಣ್ಣದ ಜೋಡಿ ಬೇರ್ಪಡುವುದಕ್ಕೂ ಸಂಬಂಧವಿಲ್ಲ ಎಂಬ ಈ ತೀರ್ಮಾನಕ್ಕೆ ಸ್ವತಂತ್ರ ಹಂಚಿಕೆಯ ನಿಯಮ ಎಂದು ಹೆಸರು.

ಮೆಂಡಲ್ ತನ್ನ ಕೆಲಸವನ್ನು 1865ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬ್ರನೋದ ನಿಸರ್ಗವಿಜ್ಞಾನ ಸಂಘದ ಮುಂದೆ ಓದಿದ; 1866ರಲ್ಲಿ ಅದು ಪ್ರಕಟವಾಯಿತು. ಮ್ಯೂನಿಕ್‌ನ ಹೆಸರಾಂತ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿಗೆ ಪತ್ರಗಳನ್ನೂ ಬರೆದ. ನೇಗೆಲಿಗೆ ಆಸಕ್ತಿಯಿದ್ದ ಹಾಕ್‌ವೀಡ್ ಎಂಬ ಸಸ್ಯದ ಮೇಲೆ ಮಾಡಿದ ಪ್ರಯೋಗಗಳು ಬಟಾಣಿಯ ಫಲಿತಾಂಶವನ್ನು ಕೊಡಲಿಲ್ಲ. ಆ ಸಸ್ಯ ಹೆಚ್ಚಾಗಿ ಪರಾಗ ಅಂಡವನ್ನು ಸೇರದೆಯೇ, ತಾಯಿಯ ಪ್ರತಿಯಂಥ ಬೀಜ ಕಟ್ಟುತ್ತದೆ ಎಂಬುದು ಆಗ ತಿಳಿದಿರಲಿಲ್ಲ. 1868ರಲ್ಲಿ ಮೆಂಡಲ್ ಮಠಾಧಿಪತಿಯಾದ, ಆಡಳಿತದ ಹೊರೆಯಲ್ಲಿ ಪ್ರಯೋಗಗಳು ಹಿಂದೆ ಸರಿದವು. ಅವನು ತೀರಿಕೊಂಡು ಹದಿನಾರು ವರ್ಷಗಳ ಮೇಲೆ, 1900ರಲ್ಲಿ, ಹ್ಯೂಗೊ ಡಿ ವ್ರೀಸ್, ಕಾರ್ಲ್ ಕಾರೆನ್ಸ್, ಎರಿಕ್ ಫಾನ್ ಚೆರ್ಮಾಕ್ ಈ ಲೇಖನವನ್ನು ಮತ್ತೆ ಬೆಳಕಿಗೆ ತಂದರು. ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ಅದರ ಪ್ರಚಾರಕ್ಕೆ ನಿಂತ. ಮೆಂಡಲನ ಅಂಕಿಗಳು ನಿರೀಕ್ಷೆಗೆ ತೀರಾ ಹತ್ತಿರವಾಗಿವೆ ಎಂದು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ 1936ರಲ್ಲಿ ಎತ್ತಿದ ಅನುಮಾನ ದೀರ್ಘ ಚರ್ಚೆಗೆ ಎಡೆಮಾಡಿತು. ಆದರೆ ಅದೇ ಸಂಕರಗಳನ್ನು ಅನೇಕರು ಮತ್ತೆ ಮಾಡಿ ಅದೇ ಅನುಪಾತಗಳನ್ನು ಪಡೆದಿರುವುದರಿಂದ ನಿಯಮಗಳಿಗೆ ಅದರಿಂದ ಧಕ್ಕೆಯಿಲ್ಲ.

ಘಟಕಗಳು ಜೀವಕೋಶದಲ್ಲಿ ಎಲ್ಲಿವೆ ಎಂಬುದನ್ನು ಮೆಂಡಲ್ ಹೇಳಿರಲಿಲ್ಲ. 1902–03ರಲ್ಲಿ ವಾಲ್ಟರ್ ಸಟ್ಟನ್, ಥಿಯೊಡೋರ್ ಬೊವೇರಿ ಬೇರೆಬೇರೆಯಾಗಿ ವರ್ಣತಂತುಗಳತ್ತ ಬೊಟ್ಟುಮಾಡಿದರು: ಅವೂ ಜೋಡಿಯಾಗಿವೆ, ಲಿಂಗಾಣು ಹುಟ್ಟುವಾಗ ಅವೂ ಬೇರ್ಪಡುತ್ತವೆ. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಹಣ್ಣುನೊಣದ ಬಿಳಿ ಕಣ್ಣಿನ ಜೀನ್ ಎಕ್ಸ್ ವರ್ಣತಂತುವಿನೊಡನೆ ಸಾಗುತ್ತದೆಂದು ತೋರಿಸಿದ. ಒಂದೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಇರುವ ಜೀನ್‌ಗಳು ಒಟ್ಟೊಟ್ಟಿಗೇ ಸಾಗುವುದರಿಂದ ಸ್ವತಂತ್ರ ಹಂಚಿಕೆ ಎಲ್ಲ ಗುಣಗಳಿಗೂ ಅನ್ವಯಿಸುವುದಿಲ್ಲ. ಬಟಾಣಿಯಲ್ಲಿ ಏಳು ಜೋಡಿ ವರ್ಣತಂತುಗಳಿವೆ. ಮೆಂಡಲನ ಏಳು ಗುಣಗಳು ಒಂದೊಂದಾಗಿ ಅವುಗಳ ಮೇಲೆ ಇವೆ ಎಂದು ಹಲವೆಡೆ ಬರೆದಿರುವುದು ಸರಿಯಲ್ಲ. ಬೀಜದ ಆಕಾರದ ಜೀನೂ ಕಾಯಿಯ ಬಣ್ಣದ ಜೀನೂ ಒಂದೇ ವರ್ಣತಂತುವಿನಲ್ಲಿವೆ.

ಪ್ರಬಲ, ದುರ್ಬಲ ಎಂಬ ಹೆಸರುಗಳು ಒಂದು ಜೀನ್ ಇನ್ನೊಂದನ್ನು ಮಣಿಸುತ್ತದೆ ಎಂಬ ತಪ್ಪು ಭಾವನೆ ಮೂಡಿಸುತ್ತವೆ. ಸುಕ್ಕಿನ ಗುಟ್ಟು 1990ರಲ್ಲಿ ಅಣುಮಟ್ಟದಲ್ಲಿ ಬಯಲಾದಾಗ ಇದು ಸ್ಪಷ್ಟವಾಯಿತು. ಬೀಜದಲ್ಲಿ ಪಿಷ್ಟದ ಕವಲುಗಳನ್ನು ಕಟ್ಟುವ ಒಂದು ಕಿಣ್ವವಿದೆ. ಸುಕ್ಕು ತಳಿಯಲ್ಲಿ ಆ ಕಿಣ್ವದ ಜೀನಿನೊಳಗೆ ಸುಮಾರು 800 ಅಕ್ಷರಗಳಷ್ಟು ಉದ್ದದ ಡಿಎನ್‌ಎ ತುಣುಕು ನುಗ್ಗಿ ಕೂತಿದೆ, ಕಿಣ್ವ ಕೆಟ್ಟಿದೆ. ಪಿಷ್ಟವಾಗಬೇಕಾದ ಸಕ್ಕರೆ ಸಕ್ಕರೆಯಾಗಿಯೇ ಉಳಿದು, ಎಳೆಬೀಜ ಹೆಚ್ಚು ನೀರು ಹೀರಿಕೊಂಡು ಉಬ್ಬುತ್ತದೆ. ಒಣಗಿದಾಗ ನೀರು ಹೋಗಿ ಸಿಪ್ಪೆ ಮಡಿಚಿಕೊಳ್ಳುತ್ತದೆ. ಸರಿಯಾದ ಜೀನಿನ ಒಂದೇ ಪ್ರತಿ ಇದ್ದರೂ ಬೀಜ ದುಂಡಾಗುವಷ್ಟು ಕಿಣ್ವ ತಯಾರಾಗುತ್ತದೆ. ದುಂಡು ಪ್ರಬಲ ಎನ್ನುವುದರ ಅರ್ಥ ಇಷ್ಟೇ. ಒಂದು ಪ್ರತಿ ಸಾಲದಿದ್ದ ಕಡೆ ಫಲಿತಾಂಶ ನಡುವಿನದಾಗುತ್ತದೆ: ಕೆಂಪು ಮತ್ತು ಬಿಳಿ ಸಂಜೆಮಲ್ಲಿಗೆಗಳ ಸಂಕರದ ಹೂ ಗುಲಾಬಿ ಬಣ್ಣದ್ದು. ಆದರೂ ಜೀನ್‌ಗಳು ಬೆರೆತಿಲ್ಲ; ಅದರ ಮುಂದಿನ ಪೀಳಿಗೆಯಲ್ಲಿ ಕೆಂಪೂ ಬಿಳಿಯೂ ಶುದ್ಧವಾಗಿ ಮರಳುತ್ತವೆ. ಎಬಿ ರಕ್ತಗುಂಪಿನವರಲ್ಲಿ ಎರಡು ಜೀನ್‌ಗಳೂ ಪೂರ್ತಿಯಾಗಿ ವ್ಯಕ್ತವಾಗುತ್ತವೆ. ಮನುಷ್ಯರ ಎತ್ತರ, ಮೈಬಣ್ಣದಂಥವು ಅನೇಕ ಜೀನ್‌ಗಳೂ ಪರಿಸರವೂ ಕೂಡಿ ರೂಪಿಸುವ ಗುಣಗಳು. ಅಲ್ಲಿ ಮೂರಕ್ಕೆ ಒಂದನ್ನು ಹುಡುಕಿದರೆ ಸಿಗುವುದಿಲ್ಲ.

ಮನುಷ್ಯರಲ್ಲಿ ಮೆಂಡಲನ ಲೆಕ್ಕ ಕಣ್ಣಿಗೆ ಹೊಡೆಯುವುದು ಕಾಯಿಲೆಗಳಲ್ಲಿ. ಆಲ್ಕಾಪ್ಟನೂರಿಯಾ ಎಂಬ ಅಪರೂಪದ ತೊಂದರೆ ದುರ್ಬಲ ಗುಣದಂತೆ ಸಾಗುತ್ತದೆಂದು ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಗುರುತಿಸಿದ್ದ. ಭಾರತದಲ್ಲಿ 1952ರಲ್ಲಿ ನೀಲಗಿರಿಯಲ್ಲಿ ಮೊದಲು ವರದಿಯಾದ ಸಿಕಲ್ ಸೆಲ್ ರಕ್ತಹೀನತೆ ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲೂ ಇದೆ. ಕೆಟ್ಟ ಜೀನಿನ ಒಂದು ಪ್ರತಿ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ತೀವ್ರ ಮಲೇರಿಯಾದಿಂದ ಅವರಿಗೆ ರಕ್ಷಣೆಯೂ ಉಂಟು. ಇಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ತಂದೆತಾಯಿಗಳು ತಿಳಿಯುವುದುಂಟು. ಇದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ಪ್ರತಿ ಗರ್ಭದಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಹಿಂದಿನ ಮಗುವಿಗೆ ಏನಾಯಿತೆಂಬುದು ಮುಂದಿನದಕ್ಕೆ ಸೇರುವುದಿಲ್ಲ.

ದಕ್ಷಿಣ ಭಾರತದಲ್ಲಿ ಸೋದರಿಕೆಯ ಮದುವೆಗಳು ರೂಢಿಯಲ್ಲಿರುವುದರಿಂದ ಈ ಲೆಕ್ಕಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಸೋದರತ್ತೆ, ಸೋದರಮಾವನ ಮಕ್ಕಳೊಡನೆ ಮದುವೆಯಾದಾಗ ಹುಟ್ಟುವ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಂದೇ ಹಿರಿಯರ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ 16ರಲ್ಲಿ 1. ಅಕ್ಕನ ಮಗಳನ್ನು ಮದುವೆಯಾದರೆ 8ರಲ್ಲಿ 1. ಪೀಳಿಗೆಗಟ್ಟಲೆ ಅಡಗಿದ್ದ ದುರ್ಬಲ ಕಾಯಿಲೆಗಳು ಹೊರಬರುವುದು ಈ ದಾರಿಯಲ್ಲಿ. ಪ್ರಬಲ ಗುಣದಂತೆ ಸಾಗುವ ಕಾಯಿಲೆಗೆ ಇಂಥ ಎರಡು ಪ್ರತಿಗಳು ಬೇಕಿಲ್ಲ. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಗಮನಕ್ಕೆ ಬಂದ, ಸೊಂಟ ಮತ್ತು ಮಂಡಿಯ ಕೀಲುಗಳನ್ನು ಹಾಳುಮಾಡುವ ಹಂದಿಗೋಡು ಕಾಯಿಲೆ ಇದಕ್ಕೆ ನಿದರ್ಶನ. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದು ಕಾರಣವಿರಬೇಕೆಂಬ ಶಂಕೆ ಮೊದಲಿಗಿತ್ತು. ಕುಟುಂಬಗಳ ವಂಶಾವಳಿಯನ್ನು ಬಿಡಿಸಿ ನೋಡಿದಾಗ ಅದು ಪ್ರಬಲ ಗುಣದಂತೆ ಸಾಗುತ್ತಿರುವುದು ತಿಳಿಯಿತು: ಹೆತ್ತವರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಎರಡರಲ್ಲೊಂದು ಸಾಧ್ಯತೆ.

ಬೆಳೆಗಳ ತಳಿ ಅಭಿವೃದ್ಧಿಯಲ್ಲಿ ಈ ನಿಯಮಗಳು ದಿನನಿತ್ಯದ ಸಾಧನ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿಗಳು ಎರಡು ಪ್ರಭೇದಗಳ ಹತ್ತಿಯನ್ನು ಸಂಕರಗೊಳಿಸಿ ವರಲಕ್ಷ್ಮಿ ಎಂಬ ಹೈಬ್ರಿಡ್ ಕೊಟ್ಟರು. ಹೈಬ್ರಿಡ್ ಎಂದರೆ ಮೆಂಡಲನ ಮೊದಲ ಪೀಳಿಗೆ. ಹೊಲದ ಗಿಡಗಳೆಲ್ಲ ಒಂದೇ ಸಮ. ಅದರ ಬೀಜವನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಎರಡನೆಯ ಪೀಳಿಗೆ ಬರುತ್ತದೆ, ಬೇರ್ಪಟ್ಟ ಗುಣಗಳ ಗಿಡಗಳು ಏರುಪೇರಾಗಿ ನಿಲ್ಲುತ್ತವೆ. ರೈತರು ಪ್ರತಿ ಸಲ ಹೊಸ ಹೈಬ್ರಿಡ್ ಬೀಜ ಕೊಳ್ಳಬೇಕಾಗಿರುವುದು ಇದರಿಂದ. ತನ್ನಷ್ಟಕ್ಕೆ ಪರಾಗಸ್ಪರ್ಶವಾಗುವ ಗಿಡಗಳಲ್ಲಿ ಮಿಶ್ರ ಸ್ಥಿತಿ ಪ್ರತಿ ಪೀಳಿಗೆಗೂ ಅರ್ಧಕ್ಕಿಳಿಯುತ್ತದೆ ಎಂಬುದನ್ನೂ ಮೆಂಡಲನೇ ಲೆಕ್ಕ ಹಾಕಿದ್ದ: ಹತ್ತನೆಯ ಪೀಳಿಗೆಯಲ್ಲಿ 2,048 ಗಿಡಗಳಿದ್ದರೆ 1,023 ಶುದ್ಧ ಪ್ರಬಲ, 1,023 ಶುದ್ಧ ದುರ್ಬಲ, ಮಿಶ್ರವಾಗಿ ಉಳಿಯುವುದು ಎರಡೇ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಅವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ಈ ದಾರಿಯಲ್ಲಿ. ರಾಗಿಯ ಹೂ ಬಟಾಣಿಯದಕ್ಕಿಂತ ಎಷ್ಟೋ ಚಿಕ್ಕದು, ಅದರಲ್ಲಿ ಸಂಕರ ಮಾಡುವುದು ಬಲು ಕಷ್ಟದ ಕೆಲಸ. ಸಂಕರವಾದ ಮೇಲೆ ಪೀಳಿಗೆಯಿಂದ ಪೀಳಿಗೆಗೆ ಬೇಕಾದ ಗಿಡಗಳನ್ನು ಆರಿಸುತ್ತ ಹೋದಂತೆ ಗುಣಗಳು ನೆಲೆಗೊಳ್ಳುತ್ತವೆ. ಹಾಗೆ ನೆಲೆಗೊಂಡ ತಳಿಯ ಬೀಜವನ್ನು ರೈತರು ತಮ್ಮ ಕಣದಿಂದಲೇ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದು.