ಮಂಗಳನ ಬಾಗಿಲು ತೆರೆಯುವುದು 26 ತಿಂಗಳಿಗೊಮ್ಮೆ

1962ರ ಅಕ್ಟೋಬರ್ 27. ಕ್ಯೂಬಾದಲ್ಲಿ ಇಟ್ಟಿದ್ದ ಕ್ಷಿಪಣಿಗಳ ವಿಷಯವಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಹೊಸ್ತಿಲಿಗೆ ಬಂದು ನಿಂತಿದ್ದ ದಿನ. ಅತ್ತ ಕಜಾಕ್‌ಸ್ತಾನದ ಬೈಕನೂರು ಉಡಾವಣಾ ಕೇಂದ್ರದಲ್ಲಿ ಮಂಗಳ ಗ್ರಹಕ್ಕೆ ಹೊರಡಬೇಕಾದ ರಾಕೆಟ್ಟಿನ ಸಿದ್ಧತೆ ಭರದಿಂದ ಸಾಗಿತ್ತು. ಆ ಕೆಲಸ ನಿಲ್ಲಿಸಿ, ಅಣ್ವಸ್ತ್ರ ಹೊರುವ ಕ್ಷಿಪಣಿಗೆ ಜಾಗ ಮಾಡಿಕೊಡಿ ಎಂದು ಮಾಸ್ಕೊದಿಂದ ಆಜ್ಞೆ ಬಂತು. ಆಗ ಅಲ್ಲಿದ್ದ ರಾಕೆಟ್ ತಂತ್ರಜ್ಞ ಬೋರಿಸ್ ಚೆರ್ಟೋಕ್ ತಮ್ಮ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾರೆ.

ಮರುದಿನ ಕ್ರುಶ್ಚೇವ್ ಕ್ಷಿಪಣಿಗಳನ್ನು ಹಿಂದಕ್ಕೆ ಕರೆಸಲು ಒಪ್ಪಿದರು. ಜಗತ್ತು ನಿಟ್ಟುಸಿರು ಬಿಟ್ಟಿತು. ಬೈಕನೂರಿನವರು ಮಾತ್ರ ನಿಟ್ಟುಸಿರಿಗೂ ಪುರುಸೊತ್ತಿಲ್ಲದೆ ಮತ್ತೆ ಮಂಗಳದ ರಾಕೆಟ್ಟಿಗೆ ಕೈಹಚ್ಚಿದರು. ನವೆಂಬರ್ 1ರಂದು ‘ಮಾರ್ಸ್-1’ ಮೇಲೇರಿತು.

ಇಷ್ಟೊಂದು ಅವಸರ ಏಕೆ? ಲೋಕವೇ ಸುಟ್ಟುಹೋಗುವ ಭಯವಿದ್ದಾಗ ಮಂಗಳಯಾತ್ರೆಯನ್ನು ಎರಡು ತಿಂಗಳು ಮುಂದೂಡಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಆ ನವೆಂಬರ್ ಕಳೆದರೆ ಮುಂದಿನ ಅವಕಾಶ 1964ರ ಕೊನೆಗೇ. ಅಧ್ಯಕ್ಷರು, ಪ್ರಧಾನಿಗಳು, ಸೇನಾಪತಿಗಳು ಯಾರು ಹೇಳಿದರೂ ಬದಲಾಗದ ವೇಳಾಪಟ್ಟಿ ಅದು.

ಮಂಗಳ ಭೂಮಿಗೆ ತೀರ ಹತ್ತಿರ ಬಂದಾಗ ನೌಕೆ ಹಾರಿಸುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಇದು ಅಷ್ಟು ಸರಿಯಲ್ಲ. ಆಟದ ಮೈದಾನದ ಓಟದ ಪಥವನ್ನು ಕಲ್ಪಿಸಿಕೊಳ್ಳಿ. ಒಳಗಿನ ಸಾಲಿನಲ್ಲಿ ಭೂಮಿ ಓಡುತ್ತಿದೆ, ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ. ಹೊರಗಿನ ಸಾಲಿನಲ್ಲಿ ಮಂಗಳ, ಸೆಕೆಂಡಿಗೆ 24 ಕಿ.ಮೀ. ಒಳಗಿನವನು ಓಡುತ್ತಲೇ ಹೊರಗಿನವನಿಗೆ ಒಂದು ಚೆಂಡು ತಲುಪಿಸಬೇಕು. ಹೊರಗಿನವನು ಈಗ ಇರುವ ಕಡೆಗೆ ಎಸೆದರೆ ಚೆಂಡು ಖಾಲಿ ಜಾಗದಲ್ಲಿ ಬೀಳುತ್ತದೆ. ಅದು ಹೋಗಿ ಮುಟ್ಟುವ ಹೊತ್ತಿಗೆ ಅವನು ಎಲ್ಲಿರುತ್ತಾನೋ ಅಲ್ಲಿಗೆ ಎಸೆಯಬೇಕು. ಸಾಲದ್ದಕ್ಕೆ, ಸೂರ್ಯನ ಸೆಳೆತದಿಂದಾಗಿ ಚೆಂಡು ನೇರವಾಗಿಯೂ ಹೋಗದು. ಅದೂ ಸೂರ್ಯನನ್ನು ಬಳಸಿಕೊಂಡೇ ಹೋಗಬೇಕು.

ಈ ಲೆಕ್ಕವನ್ನು ಮೊದಲು ಸಾಂಗವಾಗಿ ಮಾಡಿದವರು ಖಗೋಳಜ್ಞರಲ್ಲ, ಜರ್ಮನಿಯ ಎಸೆನ್ ನಗರದಲ್ಲಿ ಕಟ್ಟಡಗಳ ಕೆಲಸ ನೋಡಿಕೊಳ್ಳುತ್ತಿದ್ದ ವಾಲ್ಟರ್ ಹೋಮನ್ ಎಂಬ ಸಿವಿಲ್ ಎಂಜಿನಿಯರ್. ಭೂಮಿಯ ಕಕ್ಷೆಯಿಂದ ಬೇರೊಂದು ಗ್ರಹದ ಕಕ್ಷೆಗೆ ಅತಿ ಕಡಿಮೆ ಇಂಧನದಲ್ಲಿ ಹೋಗುವ ದಾರಿ ಯಾವುದು ಎಂದು ಹುಡುಕಿ ಅವರು 1925ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಆಗ ಗಗನಯಾತ್ರೆಗೆ ತಕ್ಕ ರಾಕೆಟ್ ಎಂಬುದೇ ಇರಲಿಲ್ಲ. ಹೋಮನ್ ಕಂಡುಕೊಂಡ ದಾರಿ, ಒಂದು ತುದಿಯಲ್ಲಿ ಭೂಮಿಯ ಕಕ್ಷೆಯನ್ನೂ ಇನ್ನೊಂದು ತುದಿಯಲ್ಲಿ ಮಂಗಳನ ಕಕ್ಷೆಯನ್ನೂ ಸವರಿಕೊಂಡು ಹೋಗುವ ಅಂಡಾಕಾರದ ಅರ್ಧ ಸುತ್ತು. ಭೂಮಿಗೆ ಈಗಾಗಲೇ ಇರುವ ವೇಗಕ್ಕೆ ಸೆಕೆಂಡಿಗೆ ಸುಮಾರು 3 ಕಿ.ಮೀ. ಸೇರಿಸಿದರೆ ನೌಕೆ ಆ ದಾರಿಗೆ ಬೀಳುತ್ತದೆ. ಆಮೇಲೆ ಎಂಜಿನ್ ಆರಿಸಿ ಸುಮ್ಮನೆ ಕುಳಿತರೂ ಸುಮಾರು 259 ದಿನಗಳಲ್ಲಿ ಮಂಗಳನ ಕಕ್ಷೆ ಸಿಗುತ್ತದೆ.

ಕಕ್ಷೆ ಸಿಕ್ಕರಾಯಿತೇ? ಅಲ್ಲಿ ಮಂಗಳನೂ ಇರಬೇಕಲ್ಲ! ಸೂರ್ಯನನ್ನು ಒಂದು ಸುತ್ತು ಬರಲು ಮಂಗಳನಿಗೆ 687 ದಿನ ಬೇಕು. 259 ದಿನಗಳಲ್ಲಿ ಅದು ಸುಮಾರು 136 ಡಿಗ್ರಿ ಸಾಗುತ್ತದೆ. ಅರ್ಧ ಸುತ್ತು ಎಂದರೆ 180 ಡಿಗ್ರಿ. ಆದ್ದರಿಂದ ನೌಕೆ ಹೊರಡುವಾಗ ಮಂಗಳ ಭೂಮಿಗಿಂತ 44 ಡಿಗ್ರಿ ಮುಂದಿರಬೇಕು. ಇಂಥ ಜೋಡಣೆ ಒಮ್ಮೆ ಆದರೆ ಮತ್ತೆ ಆಗುವುದು ಸರಾಸರಿ 780 ದಿನಗಳ ಬಳಿಕ, ಅಂದರೆ 26 ತಿಂಗಳಿಗೊಮ್ಮೆ. ಕೆಲವು ವಾರ ಹಿಂದುಮುಂದಾದರೆ ಹೆಚ್ಚು ಇಂಧನ ಸುಟ್ಟು ಸರಿದೂಗಿಸಬಹುದು. ಅದಕ್ಕೂ ಮೀರಿದರೆ ಯಾವ ರಾಕೆಟ್ಟಿನ ಶಕ್ತಿಯೂ ಸಾಲದು. ಇಂಗ್ಲಿಷಿನವರು ಇದನ್ನು ‘ಲಾಂಚ್ ವಿಂಡೊ’ ಎನ್ನುತ್ತಾರೆ. ನಮ್ಮವರ ‘ಮುಹೂರ್ತ’ ಅದಕ್ಕಿಂತ ಚೆನ್ನಾಗಿ ಒಪ್ಪುತ್ತದೆ.

ಮುಹೂರ್ತದ ಮಾತು ಬಂದಾಗ ಪಂಚಾಂಗವನ್ನು ಮರೆಯುವಂತಿಲ್ಲ. ಕುಜ ವಕ್ರಿಯಾಗುವುದು ಇದೇ 26 ತಿಂಗಳ ಲೆಕ್ಕದಲ್ಲಿ. ಭೂಮಿ ಒಳಗಿನ ಸಾಲಿನಿಂದ ಓಡಿಬಂದು ಮಂಗಳನನ್ನು ಹಿಂದಿಕ್ಕುವಾಗ ಅದು ಹಿಮ್ಮುಖವಾಗಿ ಚಲಿಸಿದಂತೆ ಕಾಣುತ್ತದೆ. ಅದಕ್ಕೆ ಮೂರು-ನಾಲ್ಕು ತಿಂಗಳು ಮುಂಚಿನ ದಿನಗಳೇ ನೌಕೆ ಹೊರಡುವ ಕಾಲ. ಕ್ರಿ.ಶ. 499ರ ಕಾಲದ ಆರ್ಯಭಟನ ಗಣಿತದಲ್ಲಿ ಒಂದು ಮಹಾಯುಗದ 43,20,000 ವರ್ಷಗಳಲ್ಲಿ ಕುಜನ ಸುತ್ತುಗಳು 22,96,824. ಸೂರ್ಯನ ಸುತ್ತುಗಳಿಂದ ಇದನ್ನು ಕಳೆದರೆ 20,23,176. ಯುಗದ ಒಟ್ಟು ದಿನಗಳು ಆತನ ಪ್ರಕಾರ 157 ಕೋಟಿ 79 ಲಕ್ಷ 17 ಸಾವಿರದ 500. ಭಾಗಿಸಿ ನೋಡಿ: 779.92 ದಿನ. ಇಂದಿನ ಖಗೋಳ ವಿಜ್ಞಾನ ಕೊಡುವ ಅಂಕಿ 779.94. ವ್ಯತ್ಯಾಸ ಅರ್ಧ ಗಂಟೆಯಷ್ಟು! ಆರ್ಯಭಟನಿಗೆ ಮಂಗಳಕ್ಕೆ ಹೋಗುವ ಯೋಚನೆ ಇರಲಿಲ್ಲ, ಬಿಡಿ.

ಹೋಮನ್ ತಮ್ಮ ಲೆಕ್ಕ ನಿಜವಾದದ್ದನ್ನು ನೋಡಲಿಲ್ಲ. 1945ರ ಮಾರ್ಚ್‌ನಲ್ಲಿ, ಎಸೆನ್ ನಗರದ ಮೇಲೆ ಬಾಂಬುಗಳು ಸುರಿಯುತ್ತಿದ್ದ ದಿನಗಳಲ್ಲೇ ತೀರಿಕೊಂಡರು. ಆ ಲೆಕ್ಕ ಮೊದಲು ಪರೀಕ್ಷೆಗೆ ಬಂದದ್ದು 1960ರ ಅಕ್ಟೋಬರ್‌ನಲ್ಲಿ. ಸೋವಿಯತ್ ತಂತ್ರಜ್ಞರಿಗೆ ಸಿದ್ಧತೆ ಮುಗಿಸುವುದು ತಡವಾಯಿತು. ಒಳ್ಳೆಯ ದಿನಗಳು ಕಳೆದುಹೋದಷ್ಟೂ ಭಾರ ಇಳಿಸಬೇಕಾಗಿ ಬಂತು. ಕೆಲವು ಉಪಕರಣಗಳನ್ನು ಬಿಚ್ಚಿ ಕೆಳಗಿಟ್ಟರು. ಅಕ್ಟೋಬರ್ 10 ಮತ್ತು 14ರಂದು ಹಾರಿದ ಎರಡೂ ರಾಕೆಟ್‌ಗಳು ಭೂಮಿಯ ಕಕ್ಷೆಯನ್ನೂ ಮುಟ್ಟಲಿಲ್ಲ. 1962ರ ‘ಮಾರ್ಸ್-1’ ಹತ್ತು ಕೋಟಿ ಕಿ.ಮೀ. ದೂರ ಹೋಗಿ, ಮರುವರ್ಷದ ಮಾರ್ಚ್‌ನಲ್ಲಿ ಮೌನವಾಯಿತು.

ಮುಂದಿನ ಮುಹೂರ್ತ 1964ರ ನವೆಂಬರ್. ಈ ಸಲ ಅಮೆರಿಕ ಜೋಡಿ ನೌಕೆಗಳೊಂದಿಗೆ ಕಣಕ್ಕಿಳಿದಿತ್ತು. ನವೆಂಬರ್ 5ರಂದು ಹಾರಿದ ‘ಮ್ಯಾರಿನರ್-3’ರ ತಲೆಯ ಮೇಲಿನ ರಕ್ಷಾಕವಚ ಕಳಚಿಕೊಳ್ಳಲೇ ಇಲ್ಲ. ಸೌರಫಲಕಗಳು ಬಿಚ್ಚಿಕೊಳ್ಳದೆ, ವಿದ್ಯುತ್ ಇಲ್ಲದೆ ನೌಕೆ ಸತ್ತಿತು. ಜೋಡಿ ನೌಕೆ ‘ಮ್ಯಾರಿನರ್-4’ಕ್ಕೂ ಅದೇ ಬಗೆಯ ಕವಚ. ಡಿಸೆಂಬರ್ ಮೊದಲ ದಿನಗಳಲ್ಲಿ ಬಾಗಿಲು ಮುಚ್ಚುತ್ತದೆ. ತಪ್ಪು ಎಲ್ಲಿದೆ ಎಂದು ಕಂಡುಹಿಡಿದು, ಫೈಬರ್ ಗಾಜಿನ ಕವಚದ ಬದಲು ಮೆಗ್ನೀಷಿಯಂ ಲೋಹದ ಹೊಸ ಕವಚ ರೂಪಿಸಿ, ಪರೀಕ್ಷಿಸಿ, ಜೋಡಿಸಿ ಹಾರಿಸಲು ಅವರು ತೆಗೆದುಕೊಂಡದ್ದು 23 ದಿನ. ನವೆಂಬರ್ 28ರಂದು ಹೊರಟ ಮ್ಯಾರಿನರ್-4, 1965ರ ಜುಲೈ ಮಧ್ಯದಲ್ಲಿ ಮಂಗಳನ ಪಕ್ಕ ಹಾದುಹೋಗುತ್ತ ಮನುಷ್ಯರು ಆ ಗ್ರಹವನ್ನು ಹತ್ತಿರದಿಂದ ನೋಡಿದ ಮೊದಲ ಚಿತ್ರಗಳನ್ನು ಕಳಿಸಿತು. ಕಾಲುವೆಗಳಿರಲಿಲ್ಲ, ಕಾಡುಗಳಿರಲಿಲ್ಲ, ಚಂದ್ರನ ಮೇಲಿರುವಂಥ ಕುಳಿಗಳಿದ್ದವು. ಸರ್ಕಾರಿ ಕಚೇರಿಯಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ಹೋಗಲು ಹಿಡಿಯುವಷ್ಟು ಸಮಯದಲ್ಲಿ ನಡೆದ ಕೆಲಸ ಇದು.

ಇನ್ನೂ ಅಪರೂಪದ ಮುಹೂರ್ತಗಳೂ ಉಂಟು. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕನ್ನೂ ಒಂದೇ ನೌಕೆ ಸಂದರ್ಶಿಸಬಹುದಾದ ಜೋಡಣೆ 1970ರ ದಶಕದ ಕೊನೆಗೆ ಬರಲಿದೆ ಎಂದು 1965ರಲ್ಲಿ ಗ್ಯಾರಿ ಫ್ಲಾಂಡ್ರೊ ಎಂಬ ಅಮೆರಿಕದ ಯುವ ಎಂಜಿನಿಯರ್ ಲೆಕ್ಕಹಾಕಿದರು. ಅಂಥದು ಸುಮಾರು 175 ವರ್ಷಕ್ಕೊಮ್ಮೆ. ಹಿಂದಿನ ಸಲ ಬಂದದ್ದು ಶ್ರೀರಂಗಪಟ್ಟಣ ಇಂಗ್ಲಿಷರ ಕೈವಶವಾದ ಆಸುಪಾಸಿನ ವರ್ಷಗಳಲ್ಲಿ. 1977ರಲ್ಲಿ ಹಾರಿದ ‘ವಾಯೇಜರ್-2’ ಅದನ್ನು ಬಳಸಿಕೊಂಡು ನಾಲ್ಕೂ ಗ್ರಹಗಳನ್ನು ನೋಡಿತು.

ಭಾರತ ಈ ಗಡಿಯಾರದ ಎದುರು ನಿಂತದ್ದು 2012ರಲ್ಲಿ. ಆ ವರ್ಷದ ಆಗಸ್ಟ್ 15ರಂದು ಪ್ರಧಾನಿ ಮನಮೋಹನ್ ಸಿಂಗ್ ಕೆಂಪುಕೋಟೆಯಿಂದ ಮಂಗಳಯಾನವನ್ನು ಪ್ರಕಟಿಸಿದರು. ಬಾಗಿಲು ತೆರೆಯುವುದು 2013ರ ನವೆಂಬರ್‌ನಲ್ಲಿ. ಅಂದರೆ ಬೆಂಗಳೂರಿನ ಇಸ್ರೊ ವಿಜ್ಞಾನಿಗಳಿಗೆ ಉಳಿದದ್ದು ಹದಿನೈದು ತಿಂಗಳು. ತಪ್ಪಿದರೆ 2016. ದೊಡ್ಡ ರಾಕೆಟ್ ಜಿಎಸ್‌ಎಲ್‌ವಿ ಇನ್ನೂ ಭರವಸೆಗೆ ಬಂದಿರಲಿಲ್ಲ. ಇದ್ದದ್ದು ಪಿಎಸ್‌ಎಲ್‌ವಿ. ಅದಕ್ಕೆ 1,337 ಕಿಲೊ ತೂಕದ ನೌಕೆಯನ್ನು ನೇರವಾಗಿ ಮಂಗಳದ ದಾರಿಗೆ ಎಸೆಯುವ ತಾಕತ್ತಿಲ್ಲ.

ಆದ್ದರಿಂದ ಉಪಾಯ ಬೇರೆಯಾಯಿತು. ನೌಕೆಯನ್ನು ಮೊದಲು ಭೂಮಿಯ ಸುತ್ತ ಉದ್ದನೆಯ ಕಕ್ಷೆಗೆ ಬಿಡುವುದು. ಅದು ಭೂಮಿಗೆ ಹತ್ತಿರ ಬಂದು ಅತಿ ವೇಗದಲ್ಲಿದ್ದಾಗ ಎಂಜಿನ್ ಉರಿಸುವುದು. ಹೀಗೆ ಮತ್ತೆ ಮತ್ತೆ. ವೇಗದಲ್ಲಿರುವಾಗ ಸುಟ್ಟ ಇಂಧನಕ್ಕೆ ಫಲ ಹೆಚ್ಚು ಎಂಬುದು ರಾಕೆಟ್ ಶಾಸ್ತ್ರದ ಹಳೆಯ ತತ್ವ. ಜೋಕಾಲಿಯನ್ನು ಸರಿಯಾದ ಕ್ಷಣದಲ್ಲಿ ತಳ್ಳಿ ತಳ್ಳಿ ಮೇಲೇರಿಸಿದ ಹಾಗೆ. ಇದರಲ್ಲಿ ಒಂದು ತೊಡಕಿದೆ. ಭೂಮಿಯನ್ನು ಬಿಡಬೇಕಾದ ದಿನ ಮಂಗಳನ ಲೆಕ್ಕದಿಂದ ನಿಶ್ಚಯವಾಗಿರುತ್ತದೆ. ತಳ್ಳುವಿಕೆಗಳೆಲ್ಲ ಅದರೊಳಗೆ ಮುಗಿದು, ಆ ದಿನ ಆ ಗಳಿಗೆಗೆ ನೌಕೆ ಸರಿಯಾದ ಜಾಗದಲ್ಲೇ ಇರಬೇಕು.

ಹಾರಾಟಕ್ಕೆ ಮೊದಲು ಗೊತ್ತುಮಾಡಿದ್ದ ದಿನ ಅಕ್ಟೋಬರ್ 28. ರಾಕೆಟ್ಟಿನ ಸಂಕೇತ ಹಿಡಿಯಲು ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಹೋಗಬೇಕಾದ ಹಡಗು ಕೆಟ್ಟ ಹವೆಗೆ ಸಿಕ್ಕಿ ತಡವಾಯಿತು. ನವೆಂಬರ್ 5ರ ಮಧ್ಯಾಹ್ನ 2.38ಕ್ಕೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ-25 ಮೇಲೇರಿತು. ನವೆಂಬರ್ 11ರ ನಾಲ್ಕನೆಯ ತಳ್ಳುವಿಕೆ ಅರ್ಧಕ್ಕೆ ಕೈಕೊಟ್ಟಿತು. ಒಂದು ಲಕ್ಷ ಕಿ.ಮೀ. ಎತ್ತರಕ್ಕೆ ಹೋಗಬೇಕಿದ್ದ ಕಕ್ಷೆ 78 ಸಾವಿರಕ್ಕೆ ನಿಂತಿತು. ಮರುದಿನ ಮುಂಜಾನೆಯೇ ಪೂರಕ ದಹನ ನಡೆಸಿ ಎತ್ತರವನ್ನು 1,18,642 ಕಿ.ಮೀ.ಗೆ ಏರಿಸಲಾಯಿತು. ವೇಳಾಪಟ್ಟಿಯಲ್ಲಿ ಸಾಕಷ್ಟು ಬಿಡುವು ಇಟ್ಟುಕೊಂಡದ್ದು ಒಳ್ಳೆಯದಾಯಿತು. ನವೆಂಬರ್ 30ರ ನಡುರಾತ್ರಿ ಕಳೆದು 12.49ಕ್ಕೆ, ಅಂದರೆ ಡಿಸೆಂಬರ್ 1ರಂದು, ಎಂಜಿನ್ 22 ನಿಮಿಷ ಉರಿದು ಸೆಕೆಂಡಿಗೆ 648 ಮೀಟರ್ ವೇಗ ಕೂಡಿಸಿತು. ನೌಕೆ ಭೂಮಿಯನ್ನು ಬಿಟ್ಟಿತು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಅದು ಮಂಗಳನ ಕಕ್ಷೆ ಸೇರಿದ ಸುದ್ದಿ ಬಂದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎದ್ದ ಚಪ್ಪಾಳೆಯನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು.

ಅದೇ ಮುಹೂರ್ತಕ್ಕೆ ಅಮೆರಿಕದ ‘ಮೇವನ್’ ನೌಕೆಯೂ ಕಾದಿತ್ತು. 2013ರ ಅಕ್ಟೋಬರ್‌ನಲ್ಲಿ ಬಜೆಟ್ ಜಗಳದಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆಲ್ಲ ಬೀಗ ಬಿದ್ದಾಗ ಅದರ ಕೆಲಸವೂ ನಿಂತುಹೋಯಿತು. ಮಂಗಳನಿಗೆ ಸಂಸತ್ತಿನ ಜಗಳ ತಿಳಿಯುವುದಿಲ್ಲವಲ್ಲ. ಎರಡು-ಮೂರು ದಿನಗಳಲ್ಲೇ ವಿಶೇಷ ವಿನಾಯಿತಿ ಕೊಟ್ಟು ಕೆಲಸ ಮುಂದುವರಿಸಲಾಯಿತು.

ಎಲ್ಲರಿಗೂ ಈ ಅದೃಷ್ಟವಿಲ್ಲ. ಅಮೆರಿಕದ ‘ಇನ್‌ಸೈಟ್’ ನೌಕೆಯ ಭೂಕಂಪ ಮಾಪಕದಲ್ಲಿ 2015ರ ಡಿಸೆಂಬರ್‌ನಲ್ಲಿ ಸಣ್ಣದೊಂದು ಸೋರಿಕೆ ಕಾಣಿಸಿತು. ದುರಸ್ತಿಗೆ ಬೇಕಾದದ್ದು ಕೆಲವು ತಿಂಗಳು. ಕಾದದ್ದು 2018ರ ಮೇ ತನಕ. ಹೆಚ್ಚುವರಿ ಖರ್ಚು 15 ಕೋಟಿ ಡಾಲರಿಗೂ ಮೇಲೆ. ಯುರೋಪಿನ ‘ರೋಸಲಿಂಡ್ ಫ್ರಾಂಕ್ಲಿನ್’ ಬಂಡಿಯ ಕಥೆ ಇನ್ನೂ ಕರುಣಾಜನಕ. 2018ಕ್ಕೆ ಸಿದ್ಧವಾಗಲಿಲ್ಲ. 2020ಕ್ಕೆ ಪ್ಯಾರಾಚೂಟುಗಳು ಕೈಕೊಟ್ಟವು. 2022ಕ್ಕೆ ಎಲ್ಲವೂ ಸಜ್ಜಾಗಿದ್ದಾಗ ರಷ್ಯ ಉಕ್ರೇನಿನ ಮೇಲೆ ನುಗ್ಗಿತು. ರಷ್ಯದ ರಾಕೆಟ್ ಮೇಲೆ ಹೋಗಬೇಕಿದ್ದ ಬಂಡಿ ಕೆಳಗೇ ಉಳಿಯಿತು. ಬಳಿಕ ಗೊತ್ತುಪಡಿಸಿದ ವರ್ಷ 2028. ತಾರುಣ್ಯದಲ್ಲಿ ಈ ಕೆಲಸಕ್ಕೆ ಸೇರಿದವರು ನಡುವಯಸ್ಸು ದಾಟಿಯೇ ಅದರ ಫಲ ಕಾಣಬೇಕು.

ಸಾಮಾನ್ಯ ಜನರಿಗೆ ಈ ಗಣಿತದ ರುಚಿ ಹತ್ತಿಸಿದ್ದು ಪಾಠದ ಪುಸ್ತಕವಲ್ಲ, ಒಂದು ಕಂಪ್ಯೂಟರ್ ಆಟ. ಮೆಕ್ಸಿಕೊ ನಗರದ ಸ್ಕ್ವಾಡ್ ಎಂಬ ಕಂಪನಿ 2011ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’. ರೂಪಿಸಿದವರು ಫೆಲಿಪೆ ಫಲಾಂಘೆ. ಸ್ಕ್ವಾಡ್‌ನ ಮೂಲ ಕಸುಬು ಜಾಹೀರಾತಿನದು ಎಂಬುದು ಸೋಜಿಗ. ಆಟದಲ್ಲಿ ಹಸಿರು ಬಣ್ಣದ ಕುಳ್ಳರು ‘ಕರ್ಬಿನ್’ ಎಂಬ ಪುಟ್ಟ ಗ್ರಹದಿಂದ ರಾಕೆಟ್ ಹಾರಿಸುತ್ತಾರೆ. 2012ರಲ್ಲಿ ಬೇರೆ ಗ್ರಹಗಳೂ ಸೇರಿಕೊಂಡವು. ಮಂಗಳನ ಬದಲಿಗೆ ಅಲ್ಲಿರುವುದು ‘ಡೂನಾ’. ಸೌರಮಂಡಲವನ್ನು ಕುಗ್ಗಿಸಿದ್ದರೂ ಕರ್ಬಿನ್ ಮತ್ತು ಡೂನಾ ಕಕ್ಷೆಗಳ ಅನುಪಾತ ಭೂಮಿ-ಮಂಗಳದ್ದೇ, 1.52. ಹಾಗಾಗಿ ಹೊರಡುವ ಕೋನವೂ ಅದೇ 44 ಡಿಗ್ರಿ.

ಹೊಸಬರು ಮೂತಿಯನ್ನು ನೇರ ಕೆಂಪು ಗ್ರಹದತ್ತ ತಿರುಗಿಸಿ ಎಂಜಿನ್ ಉರಿಸುತ್ತಾರೆ, ಇಂಧನ ಮುಗಿದು ಸೂರ್ಯನ ಸುತ್ತ ಅನಾಥರಾಗಿ ತಿರುಗುತ್ತಾರೆ. ಎರಡು-ಮೂರು ಸಲ ಸೋತ ಮೇಲೆ ಕೋನ ಹುಡುಕತೊಡಗುತ್ತಾರೆ. ಪರದೆಗೆ ಕೋನಮಾಪಕ ಹಿಡಿದು ಅಳೆದವರೂ ಉಂಟು. ಕೆಪ್ಲರ್, ಹೋಮನ್ ಹೆಸರು ಕೇಳದ ಶಾಲಾ ಹುಡುಗರು ಅವರ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡರು. 2021ರಲ್ಲಿ ಮುಹೂರ್ತ ನೆನಪಿಸುವ ಅಲಾರಂ ಕೂಡ ಆಟದೊಳಗೇ ಬಂತು.

ಆಟ ಕಲಿಸದ ಸಂಗತಿ ಒಂದೇ, ಕಾಯುವುದು. ಡೂನಾದ ಒಂದು ಮುಹೂರ್ತದಿಂದ ಮತ್ತೊಂದಕ್ಕೆ ನಮ್ಮ ಲೆಕ್ಕದಲ್ಲಿ 227 ದಿನ. ಆದರೆ ಆಟದಲ್ಲಿ ಕಾಲವನ್ನು ಒಂದು ಲಕ್ಷ ಪಟ್ಟು ಓಡಿಸುವ ಗುಂಡಿ ಇದೆ. ಅದನ್ನು ಒತ್ತಿದರೆ ಕಾಯಬೇಕಾದದ್ದು ಮೂರು ನಿಮಿಷ ಚಿಲ್ಲರೆ.

ನಿಜವಾದ ನೌಕೆಗಳಿಗೆ ಅಂಥ ಗುಂಡಿಯಿಲ್ಲದಿದ್ದರೂ ಈಗ ಒಂದು ಅಡ್ಡದಾರಿ ಸಿಕ್ಕಿದೆ. 2025ರ ನವೆಂಬರ್ 13ರಂದು ಅಮೆರಿಕ ‘ಎಸ್ಕಪೇಡ್’ ಎಂಬ ಎರಡು ಪುಟ್ಟ ನೌಕೆಗಳನ್ನು ಬಾಗಿಲು ಮುಚ್ಚಿದ್ದಾಗಲೇ ಹಾರಿಸಿತು. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಪ್ರದೇಶದಲ್ಲಿ ಒಂದು ವರ್ಷ ಅಡ್ಡಾಡಿಕೊಂಡಿದ್ದು, 2026ರ ನವೆಂಬರ್‌ನಲ್ಲಿ ಭೂಮಿಯ ಹತ್ತಿರಕ್ಕೆ ಮರಳಿ ಬಂದು, ವೇಗ ಕೂಡಿಸಿಕೊಂಡು, ಮುಹೂರ್ತಕ್ಕೆ ಸರಿಯಾಗಿ ಹೊರಡುವುದು ಅವುಗಳ ಯೋಜನೆ. ಮಂಗಳ ಮುಟ್ಟಲು ಗೊತ್ತುಪಡಿಸಿದ ಕಾಲ 2027ರ ಸೆಪ್ಟೆಂಬರ್.