‘ನಂಬು’ ಎಂಬ ಕ್ರಿಯಾಪದ: ಅರ್ಥ, ಮೂಲ ಮತ್ತು ನಮ್ಮ ಹೊಣೆ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಹರಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದ ಊರುಗಳನ್ನು ಮುಳುಗಿಸಿದವು. ನೀರು ಇಳಿದ ಬಳಿಕ ಅಲ್ಲಿಗೆ ಹೋಗಿದ್ದಾಗ ವೃದ್ಧ ರೈತರೊಬ್ಬರು ನನಗೆ ಹೀಗೆಂದರು: “ಹೊಳಿ ನಂಬಿ ಬದುಕಿದವ್ರು ನಾವು, ಗುರುಗಳ. ಇನ್ನ ಎಲ್ಲಿ ಹೋಗೂಣ್ರಿ?” ಹೊಳೆ ಇದೆಯೆಂಬ ಅಭಿಪ್ರಾಯವನ್ನು ಅವರು ಹೇಳುತ್ತಿರಲಿಲ್ಲ; ಬದುಕನ್ನೇ ಅದಕ್ಕೆ ಒಪ್ಪಿಸಿದ್ದೇವೆ ಎನ್ನುತ್ತಿದ್ದರು. ತರಗತಿಯಲ್ಲಿ ವಿಶ್ವಾಸವೆಂದರೆ ಸತ್ಯಗಳಿಗೆ ಬುದ್ಧಿಯ ಸಮ್ಮತಿ ಎಂದು ಬೋಧಿಸುವ ನನಗೆ ಈ ಕ್ರಿಯಾಪದದ ಚರಿತ್ರೆಯನ್ನು ಹುಡುಕುವ ಅಗತ್ಯ ಆಗ ಕಂಡಿತು.

ಇಂದಿನ ಇಂಗ್ಲಿಷಿನಲ್ಲಿ ‘ಬಿಲೀವ್’ ಎಂಬುದು ಬಹಳ ಮಟ್ಟಿಗೆ ‘ಹೀಗೆಂದು ಭಾವಿಸುತ್ತೇನೆ’ ಎಂಬಷ್ಟಕ್ಕೆ ಇಳಿದಿದೆ. ಆದರೆ ಅದರ ಮೂಲಧಾತು ಪ್ರೀತಿಯನ್ನು ಸೂಚಿಸುವ ‘ಲವ್’ ಪದದ ಮೂಲವೇ ಆಗಿದೆ. ಜರ್ಮನ್ನಿನ ‘ಗ್ಲೌಬೆನ್’ ಕೂಡ ಅದೇ ಕುಲದ್ದು. ಲ್ಯಾಟಿನ್ನಿನ ‘ಕ್ರೇದೋ’ ಮತ್ತು ಸಂಸ್ಕೃತದ ‘ಶ್ರದ್ಧಾ’ ಒಂದೇ ಬೇರಿನವು. ಹೃದಯವನ್ನು ಇರಿಸುವುದು ಎಂಬುದು ಅವುಗಳ ಸಾಂಪ್ರದಾಯಿಕ ವಿವರಣೆ. ಹೀಬ್ರೂವಿನಲ್ಲಿ ‘ನಂಬು’ ಎಂಬರ್ಥದ ಕ್ರಿಯಾಪದವೂ ‘ಆಮೆನ್’ ಎಂಬ ಉದ್ಗಾರವೂ ಸ್ಥಿರತೆಯನ್ನು ಸೂಚಿಸುವ ಒಂದೇ ಧಾತುವಿನಿಂದ ಬಂದಿವೆ.

ಕನ್ನಡವೂ ಇದೇ ಸಾಕ್ಷ್ಯ ನುಡಿಯುತ್ತದೆ. ‘ನಂಬು’ ದ್ರಾವಿಡ ಮೂಲದ ಪದ. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಈ ಪದಕ್ಕೆ ‘ಬಯಕೆ’ ಎಂಬ ಅರ್ಥವನ್ನು ಕೊಡುತ್ತದೆ. ಅದರ ಜೊತೆಗಾರ ಪದ ‘ನೆಚ್ಚು’ ಎಂದರೆ ಭರವಸೆಯಿಡು. ‘ನೆಚ್ಚಿನ ಮಗ’ ಎಂದರೆ ಪ್ರೀತಿಯ ಮಗ. ಸಂಸ್ಕೃತದಿಂದ ಬಂದ ‘ವಿಶ್ವಾಸ’ದಲ್ಲಿ ಉಸಿರಾಟದ ಧಾತುವಿದೆ: ಯಾರ ಬಳಿ ನಿರಾಳವಾಗಿ ಉಸಿರಾಡಬಹುದೋ ಅವರಲ್ಲಿ ವಿಶ್ವಾಸ. ನಮ್ಮ ಜನ ‘ಪ್ರೀತಿ-ವಿಶ್ವಾಸ’ ಎಂದು ಜೋಡಿಸಿ ಹೇಳುವುದು ಸುಮ್ಮನೆ ಅಲ್ಲ. ಗಡಿಭಾಗದ ಮರಾಠಿಯಲ್ಲೂ ವಿಶ್ವಾಸವನ್ನು ‘ಇಡುತ್ತಾರೆ’.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಶ್ರಮದಿಂದ 1831ರಲ್ಲಿ ಸಂಪೂರ್ಣ ಕನ್ನಡ ಬೈಬಲ್ ಹೊರಬಂದಿತು. ಮುಂದೆ ಪ್ರಾಟೆಸ್ಟಂಟ್ ಸಭೆಗಳಲ್ಲಿ ‘ನಂಬಿಕೆ’ಯೂ ಕಥೋಲಿಕ ಧರ್ಮಸಭೆಯಲ್ಲಿ ‘ವಿಶ್ವಾಸ’ವೂ ನೆಲೆನಿಂತವು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯಲ್ಲಿ ಜನಭಾಷೆಗೆ ಅವಕಾಶ ನೀಡಿದ ಮೇಲೆ ‘ಕ್ರೇದೋ’ ಇದ್ದೆಡೆ ‘ವಿಶ್ವಾಸಿಸುತ್ತೇನೆ’ ಎಂಬುದು ಬಂದಿತು. ಪದಗಳು ಬೇರೆಯಾದರೂ ಎರಡರ ಆಳದಲ್ಲಿಯೂ ಹೃದಯಾರ್ಪಣೆಯೇ ಇದೆ.

ಸಂತ ಅಗಸ್ಟೀನರ ಮಾತನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರು ವಿಶ್ವಾಸಕ್ರಿಯೆಯ ಮೂರು ಮುಖಗಳನ್ನು ಗುರುತಿಸಿದರು. ಕನ್ನಡದ ವ್ಯಾಕರಣ ಇವುಗಳಿಗೆ ಸಹಜವಾಗಿಯೇ ಎಡೆಗೊಡುತ್ತದೆ: ದೇವರು ಇದ್ದಾರೆಂದು ನಂಬುವುದು, ದೇವರ ಮಾತನ್ನು ನಂಬುವುದು, ದೇವರನ್ನೇ ನಂಬಿ ಬದುಕುವುದು. ಮೊದಲನೆಯದು ದೆವ್ವಗಳಿಗೂ ಉಂಟೆಂದು ಯಕೋಬನ ಪತ್ರ ಎಚ್ಚರಿಸುತ್ತದೆ. ಆ ರೈತರ ವಾಕ್ಯದ ವ್ಯಾಕರಣ ಮೂರನೆಯದು. ಬುದ್ಧಿಯ ಸಮ್ಮತಿ ಅನಗತ್ಯವೆಂದು ಇದರ ಅರ್ಥವಲ್ಲ. ಅದು ಹೊಸ್ತಿಲು, ಮನೆಯಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಇದೇ ಧಾತುವಿನಿಂದ ಎರಡು ಪದಗಳು ಎರಡು ದಿಕ್ಕಿಗೆ ಕವಲೊಡೆದಿವೆ. ‘ನಂಬಿಗಸ್ತ’ ಎಂಬುದು ಕನ್ನಡ ಬೈಬಲಿನಲ್ಲಿ ದೇವರಿಗೇ ಸಲ್ಲುವ ವಿಶೇಷಣ. ‘ನಂಬಿಸು’ ಎಂಬುದಾದರೋ ಜನರ ಬಾಯಲ್ಲಿ ಬಹುಮಟ್ಟಿಗೆ ಮೋಸದ ಮಾತು. ‘ನಂಬಿಸಿ ಕುತ್ತಿಗೆ ಕೊಯ್ದರು’ ಎನ್ನುತ್ತಾರೆ. 1981ರಲ್ಲಿ ನ್ಯಾಯವಾದ ದರ ಕೇಳಿ ಹೆದ್ದಾರಿಗಿಳಿದ ನಿಪ್ಪಾಣಿಯ ತಂಬಾಕು ಬೆಳೆಗಾರರ ನಾಡಿನಲ್ಲಿ ಈ ಭೇದವನ್ನು ಯಾರಿಗೂ ವಿವರಿಸಬೇಕಿಲ್ಲ. ನೆರೆ ಇಳಿದ ಊರಿಗೆ ಒಮ್ಮೆ ಹೋಗಿ ಮರುವರ್ಷ ಮರೆಯುವ ಗುರುವಿನ ಪ್ರಬೋಧನೆ ಎಷ್ಟೇ ಶುದ್ಧವಾಗಿದ್ದರೂ ಅಲ್ಲಿಯ ಜನರಿಗೆ ಅದು ‘ನಂಬಿಸುವ’ ಮಾತಾಗಿಯೇ ಕೇಳಿಸೀತು. ನಂಬಿಕೆಯನ್ನು ಬೋಧಿಸಲು ಹೊರಡುವವರು ಮೊದಲು ನಂಬಿಗಸ್ತರಾಗಲಿ.