ಚಿತ್ರ ತಿರುಗಿಸುವಿಕೆ ಮತ್ತು ಮೆಟಾಡೇಟಾ ಸಂರಕ್ಷಣೆ

ಡಿಜಿಟಲ್ ಫೋಟೋವನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಉಳಿಸುವಾಗ, ಕ್ಯಾಮೆರಾ ಅದರೊಳಗೆ ಬರೆದಿಟ್ಟ ಮಾಹಿತಿ ಅಳಿಯದಂತೆ ಮತ್ತು ತಪ್ಪಾಗದಂತೆ ಕಾಪಾಡುವ ಕ್ರಮ. ಈ ಮಾಹಿತಿಯನ್ನು ಮೆಟಾಡೇಟಾ ಎನ್ನುತ್ತಾರೆ. ಫೋಟೋ ತೆಗೆದ ದಿನ ಮತ್ತು ಸಮಯ, ಕ್ಯಾಮೆರಾದ ಮಾದರಿ, ಷಟರ್ ವೇಗ, ಲೆನ್ಸಿನ ಫೋಕಲ್ ದೂರ, ಜಿಪಿಎಸ್ ಚಾಲೂ ಇದ್ದರೆ ಸ್ಥಳದ ಅಕ್ಷಾಂಶ ರೇಖಾಂಶ, ಇವೆಲ್ಲ ಅದರಲ್ಲಿ ಸೇರುತ್ತವೆ. ಹೊಲದ ಬದುವಿನಲ್ಲಿ ಸಿಕ್ಕ ಶಾಸನದ ಕಲ್ಲನ್ನು ಯಾರೋ ಫೋಟೋ ತೆಗೆದರು ಎನ್ನೋಣ. ಕಲ್ಲು ಆಮೇಲೆ ಜಾಗ ಬದಲಿಸಿದರೆ, ಅದು ಎಲ್ಲಿತ್ತು, ಯಾವಾಗ ಇತ್ತು ಎಂದು ಹೇಳಲು ಆ ಚಿತ್ರದ ಮೆಟಾಡೇಟಾವೇ ಸಾಕ್ಷಿ. ತಿರುಗಿಸುವ ಒಂದು ಗುಂಡಿ ಒತ್ತಿದ್ದಕ್ಕೆ ಆ ಸಾಕ್ಷಿ ಕಳೆದುಹೋಗಬಾರದು.

ಕ್ಯಾಮೆರಾ ಮಾಹಿತಿಯ ಮುಖ್ಯ ಮಾನಕ ಎಕ್ಸಿಫ್. ಜಪಾನಿನ ಎಲೆಕ್ಟ್ರಾನಿಕ್ ಉದ್ಯಮ ಸಂಘವೊಂದು 1995ರಲ್ಲಿ ಅದರ ಮೊದಲ ಆವೃತ್ತಿಯನ್ನು ಪ್ರಕಟಿಸಿತು, 3.0 ಆವೃತ್ತಿ 2023ರಲ್ಲಿ ಬಂತು. ಜೆಪೆಗ್ ಕಡತದಲ್ಲಿ ಎಕ್ಸಿಫ್ ಭಾಗವು ಚಿತ್ರದ ದತ್ತಾಂಶಕ್ಕಿಂತ ಮೊದಲು, 64 ಕಿಲೋಬೈಟ್ ಮೀರದ ಒಂದು ಖಂಡದಲ್ಲಿ ಕೂರುತ್ತದೆ. ಪತ್ರಿಕಾ ಛಾಯಾಗ್ರಾಹಕರು ಅಡಿಬರಹ, ಹೆಸರು, ಹಕ್ಕುಸ್ವಾಮ್ಯ ಬರೆಯಲು ಬಳಸುವ ಐಪಿಟಿಸಿ, ಅಡೋಬಿ ಕಂಪನಿ 2001ರಲ್ಲಿ ತಂದ ಎಕ್ಸ್‌ಎಂಪಿ, ಇವೆರಡೂ ಅದೇ ಕಡತದಲ್ಲಿ ಬೇರೆ ಬೇರೆ ಕಡೆ ಇರುತ್ತವೆ. ಹಾಗಾಗಿ ಒಂದನ್ನು ಉಳಿಸುವ ತಂತ್ರಾಂಶ ಇನ್ನೊಂದನ್ನು ಬಿಟ್ಟುಬಿಡುವುದು ಸಾಧ್ಯ.

ಫೋನನ್ನು ಅಡ್ಡ ಹಿಡಿದರೂ ನೆಟ್ಟಗೆ ಹಿಡಿದರೂ ಒಳಗಿನ ಸೆನ್ಸರ್ ಸಾಮಾನ್ಯವಾಗಿ ಒಂದೇ ಕ್ರಮದಲ್ಲಿ ಪಿಕ್ಸೆಲ್‌ಗಳನ್ನು ಬರೆಯುತ್ತದೆ. ಯಾವ ಕಡೆ ಮೇಲು ಎಂಬುದನ್ನು ಕ್ಯಾಮೆರಾ ಗುರುತ್ವದ ದಿಕ್ಕಿನಿಂದ ಅರಿತು, ಎಕ್ಸಿಫ್‌ನ ದಿಕ್ಕು ಟ್ಯಾಗ್‌ನಲ್ಲಿ 1ರಿಂದ 8ರವರೆಗಿನ ಒಂದು ಅಂಕಿಯಾಗಿ ದಾಖಲಿಸುತ್ತದೆ. 1 ಎಂದರೆ ಇದ್ದ ಹಾಗೇ ತೋರಿಸು. 3 ಎಂದರೆ ತಲೆಕೆಳಗು ಮಾಡು. 6 ಎಂದರೆ ಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸು. 8 ಎಂದರೆ ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸು. ಉಳಿದ ನಾಲ್ಕು ಕನ್ನಡಿ ಬಿಂಬಗಳಿಗೆ. ಮೇಜಿನ ಮೇಲೆ ತಾಳೆಗರಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯುವಾಗ ಗುರುತ್ವವು ಲೆನ್ಸ್ ನೋಡುವ ದಿಕ್ಕಿನಲ್ಲೇ ಇರುವುದರಿಂದ ಕ್ಯಾಮೆರಾಗೆ ಮೇಲು ಯಾವುದೆಂದು ತಿಳಿಯದು. ಹಸ್ತಪ್ರತಿಗಳ ಚಿತ್ರಗಳಲ್ಲಿ ಕೆಲವು ಪುಟ ಮಾತ್ರ ಅಡ್ಡಬೀಳುವುದು ಇದರಿಂದಲೇ.

ಹೀಗೆ ಅಡ್ಡಬಿದ್ದ ಚಿತ್ರವನ್ನು ಸರಿಪಡಿಸುವ ಅತ್ಯಂತ ನಿರಪಾಯ ದಾರಿ ಪಿಕ್ಸೆಲ್‌ಗಳನ್ನು ಮುಟ್ಟದೆ ದಿಕ್ಕು ಟ್ಯಾಗ್‌ನ ಅಂಕಿಯೊಂದನ್ನೇ ಬದಲಿಸುವುದು. ಆದರೆ ಟ್ಯಾಗ್ ಓದದ ತಂತ್ರಾಂಶಕ್ಕೆ ಈ ಬದಲಾವಣೆ ಕಾಣದು. ವಿಂಡೋಸ್ 7ರ ಚಿತ್ರವೀಕ್ಷಕ ಅದನ್ನು ಓದುತ್ತಿರಲಿಲ್ಲ. ಜಾಲಪುಟಗಳಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ತಾವಾಗಿಯೇ ಪಾಲಿಸತೊಡಗಿದ್ದು 2020ರಲ್ಲಿ. ಅದಕ್ಕೇ ಪಿಕ್ಸೆಲ್‌ಗಳನ್ನೇ ತಿರುಗಿಸುವ ರೂಢಿ ಬೆಳೆಯಿತು. ತೊಡಕು ಶುರುವಾಗುವುದೂ ಅಲ್ಲಿಂದಲೇ.

ಸಾಮಾನ್ಯ ಎಡಿಟರ್ ಜೆಪೆಗ್ ಕಡತವನ್ನು ಪೂರ್ತಿ ಬಿಚ್ಚಿ, ತಿರುಗಿಸಿ, ಮತ್ತೆ ಸಂಕುಚಿಸುತ್ತದೆ. ಪ್ರತಿ ಸಲ ಹೀಗೆ ಮಾಡಿದಾಗಲೂ ಚಿತ್ರದ ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ಇದನ್ನು ತಪ್ಪಿಸಲು ಜೆಪೆಗ್‌ನ ಗಣಿತವೇ ಒಂದು ದಾರಿ ಕೊಡುತ್ತದೆ. ಆ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ಮೊದಲು ರೂಪಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹಮದ್. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಜಗತ್ತಿನ ಜೆಪೆಗ್ ಚಿತ್ರಗಳೆಲ್ಲ ಈ ಕೆಲಸದ ಋಣದಲ್ಲಿವೆ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ಈ ಗಣಿತದ ಮೂಲಕ 64 ಸಂಖ್ಯೆಗಳಾಗಿ ಮಾರ್ಪಡಿಸಿಡುತ್ತದೆ. ಚೌಕದೊಳಗಿನ ಸಂಖ್ಯೆಗಳ ಅಡ್ಡಸಾಲು ಕಂಬಸಾಲುಗಳನ್ನು ಅದಲುಬದಲು ಮಾಡಿ, ಕೆಲವದರ ಧನ ಋಣ ಚಿಹ್ನೆ ಬದಲಿಸಿ, ಚೌಕಗಳನ್ನೇ ಹೊಸ ಜಾಗಕ್ಕೆ ಸರಿಸಿದರೆ ಚಿತ್ರ 90 ಡಿಗ್ರಿ ತಿರುಗುತ್ತದೆ. ಬಿಚ್ಚಿ ಮತ್ತೆ ಸಂಕುಚಿಸುವ ಪ್ರಮೇಯವೇ ಇಲ್ಲದ್ದರಿಂದ ಗುಣಮಟ್ಟ ಎಳ್ಳಷ್ಟೂ ಕೆಡುವುದಿಲ್ಲ. ಅಂಚುಗಳಲ್ಲಿ ಮಾತ್ರ ಒಂದು ಮಿತಿಯಿದೆ. ಬಣ್ಣದ ಮಾಹಿತಿಯನ್ನು ಎರಡೂ ದಿಕ್ಕಿನಲ್ಲಿ ಅರ್ಧಕ್ಕಿಳಿಸಿ ಇಟ್ಟ ಚಿತ್ರಗಳಲ್ಲಿ ಸರಿಸಬೇಕಾದ ಘಟಕ 16×16 ಪಿಕ್ಸೆಲ್‌ಗಳದ್ದು. ಅಂಥ 4032×3024 ಅಳತೆಯ ಚಿತ್ರ ಎರಡೂ ಕಡೆ 16ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ತೊಂದರೆಯಿಲ್ಲ. 4000×3000 ಅಳತೆಯಲ್ಲಿ ಕೆಳಗೆ 8 ಪಿಕ್ಸೆಲ್‌ಗಳ ಅರೆಘಟಕ ಉಳಿಯುತ್ತದೆ. ಅಪೂರ್ಣ ಘಟಕಕ್ಕೆ ಬಲ ಅಂಚಿನಲ್ಲಿ ಅಥವಾ ಕೆಳ ಅಂಚಿನಲ್ಲಿ ಮಾತ್ರ ಜಾಗವುಂಟು. ಅಪ್ರದಕ್ಷಿಣವಾಗಿ ತಿರುಗಿಸಿದರೆ ಕೆಳಗಿನದು ಬಲಕ್ಕೆ ಬರುತ್ತದೆ, ಸರಿಹೋಗುತ್ತದೆ. ಪ್ರದಕ್ಷಿಣವಾಗಿ ತಿರುಗಿಸಿದರೆ ಎಡಕ್ಕೆ ಬರಬೇಕಾಗುತ್ತದೆ, ಆಗ ಆ 8 ಪಿಕ್ಸೆಲ್‌ಗಳ ಪಟ್ಟಿಯನ್ನು ಕತ್ತರಿಸಬೇಕು ಅಥವಾ ಕೆಲಸವನ್ನೇ ಕೈಬಿಡಬೇಕು.

ನಷ್ಟವಿಲ್ಲದೆ ತಿರುಗಿಸುವ ಪ್ರಸಿದ್ಧ ಉಪಕರಣ ಜೆಪೆಗ್‌ಟ್ರಾನ್. ಎಲ್ಲ ಮಾಹಿತಿಯನ್ನೂ ನಕಲಿಸು ಎಂಬ ಆಯ್ಕೆಯನ್ನು ಸೇರಿಸದಿದ್ದರೆ ಅದು ಟಿಪ್ಪಣಿಗಳನ್ನಷ್ಟೇ ಉಳಿಸಿ ಎಕ್ಸಿಫ್ ಅನ್ನು ಬಿಟ್ಟುಬಿಡುತ್ತದೆ. ಚಿತ್ರ ಅಖಂಡವಾಗಿದ್ದೂ ದಾಖಲೆ ಬರಿದಾಗುವ ಈ ಸ್ಥಿತಿ ಮಸುಕಾದ ಚಿತ್ರಕ್ಕಿಂತ ಕೆಟ್ಟದ್ದು, ಏಕೆಂದರೆ ಕಣ್ಣಿಗೆ ಯಾವ ಸುಳಿವೂ ಸಿಗುವುದಿಲ್ಲ.

ಎಲ್ಲವನ್ನೂ ಹಾಗೇ ನಕಲಿಸಿದರೂ ಸಾಲದು. ಪಿಕ್ಸೆಲ್‌ಗಳನ್ನು ತಿರುಗಿಸಿದ ಮೇಲೂ ದಿಕ್ಕು ಟ್ಯಾಗ್‌ನಲ್ಲಿ 6 ಉಳಿದಿದ್ದರೆ, ಟ್ಯಾಗ್ ಓದುವ ತಂತ್ರಾಂಶ ಚಿತ್ರವನ್ನು ಇನ್ನೊಮ್ಮೆ ತಿರುಗಿಸುತ್ತದೆ. ಆದ್ದರಿಂದ ಅದನ್ನು 1ಕ್ಕೆ ತರಬೇಕು. ಎಕ್ಸ್‌ಎಂಪಿಯಲ್ಲೂ ದಿಕ್ಕಿನ ನಮೂದಿದ್ದರೆ ಅದನ್ನೂ. ಅಗಲ ಎತ್ತರಗಳ ನಮೂದು ಅದಲುಬದಲಾಗಬೇಕು. ಎಕ್ಸಿಫ್‌ನೊಳಗೆ ಅಡಗಿರುವ ಪುಟ್ಟ ಥಂಬ್‌ನೇಲ್ ಚಿತ್ರವೂ ತಿರುಗಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಅಡ್ಡ, ತೆರೆದಾಗ ನೆಟ್ಟಗೆ ಕಾಣುತ್ತದೆ. ತಯಾರಕರು ತಮ್ಮದೇ ವಿನ್ಯಾಸದಲ್ಲಿ ಬರೆಯುವ ಮೇಕರ್‌ನೋಟ್ ಭಾಗ ಇನ್ನೂ ಸೂಕ್ಷ್ಮ. ಅದರಲ್ಲಿ ಇಂತಿಷ್ಟನೇ ಬೈಟಿನಲ್ಲಿ ಇಂಥ ಮಾಹಿತಿ ಎಂಬ ಸ್ಥಾನಸೂಚಿಗಳಿರುವುದರಿಂದ, ಎಕ್ಸಿಫ್ ಅನ್ನು ಹೊಸದಾಗಿ ಬರೆಯುವಾಗ ಅದು ಜಾಗ ಬದಲಿಸಿದರೆ ಒಳಗಿನ ಮಾಹಿತಿ ಓದಲಾಗದಂತಾಗಬಹುದು. ಫಿಲ್ ಹಾರ್ವಿ ಅವರ ಎಕ್ಸಿಫ್‌ಟೂಲ್ ಇಂಥ ಸ್ಥಾನಸೂಚಿಗಳನ್ನು ಅರಿತು ತಿದ್ದಬಲ್ಲ ಉಪಕರಣ. ಬೇರೆ ಎಡಿಟರ್‌ನಲ್ಲಿ ಮಾಹಿತಿ ಕಳೆದುಹೋದ ಚಿತ್ರಕ್ಕೆ ಮೂಲ ಕಡತದಿಂದ ಅದನ್ನು ಮರಳಿ ತುಂಬಲೂ ಇದು ನೆರವಾಗುತ್ತದೆ, ಮೂಲ ಕಡತ ಉಳಿದಿದ್ದರೆ.

ದಿನಾಂಕಗಳಲ್ಲಿ ಎರಡು ಬಗೆ. ಕಡತವನ್ನು ಹೊಸದಾಗಿ ಬರೆದಾಗ ಕಂಪ್ಯೂಟರ್ ತೋರಿಸುವ ಮಾರ್ಪಾಡಿನ ದಿನಾಂಕ ಬದಲಾಗುವುದು ಸಹಜ. ಎಕ್ಸಿಫ್‌ನೊಳಗಿನ ಮೂಲ ಸೆರೆಹಿಡಿದ ಸಮಯ ಮಾತ್ರ ಯಾವ ಕಾರಣಕ್ಕೂ ಬದಲಾಗಕೂಡದು.

ಐಫೋನ್‌ಗಳು 2017ರಿಂದ ಬಳಸುವ ಹೀಕ್ ಕಡತಗಳಲ್ಲಿ ತಿರುಗುವಿಕೆಯ ಸೂಚನೆ ಕಡತದ ರಚನೆಯಲ್ಲೇ ಇದೆ. ಕ್ಯಾಮೆರಾದ ಕಚ್ಚಾ (ರಾ) ಕಡತಗಳನ್ನು ನಿರ್ವಹಿಸುವ ತಂತ್ರಾಂಶಗಳು ಸಾಮಾನ್ಯವಾಗಿ ಪಿಕ್ಸೆಲ್ ಮುಟ್ಟದೆ ಸೂಚನೆಯನ್ನಷ್ಟೇ ಬರೆಯುತ್ತವೆ.

ದಾಖಲೆಯ ಬೆಲೆಯುಳ್ಳ ಚಿತ್ರಗಳಿಗೆ ಟ್ಯಾಗ್ ಬದಲಾವಣೆಯೇ ಮೊದಲ ಆಯ್ಕೆ, ನಷ್ಟರಹಿತ ತಿರುಗಿಸುವಿಕೆ ಎರಡನೆಯದು. ಮನೆಯವರ ಮದುವೆ, ನಾಮಕರಣದ ಚಿತ್ರಗಳಿಗೂ ಇದೇ ಮಾತು. ಯಾವ ದಾರಿ ಹಿಡಿದರೂ ನಕಲನ್ನು ತಿರುಗಿಸಿ, ಸಮಯ ಮತ್ತು ಸ್ಥಳದ ನಮೂದುಗಳು ಉಳಿದಿವೆಯೇ ಎಂದು ತೆರೆದು ನೋಡಿ. ಅಲ್ಲಿಯವರೆಗೆ ಮೂಲವನ್ನು ಅಳಿಸಬೇಡಿ.